ತಮಟೆಯ ಪೆಟ್ಟು, ರ‍್ಯಾಪಿನ ಪಾದ: ಕೆಂಗಲ್ ಸೀಮೆಯ ಜನಪದ ಲಯ ಮತ್ತು ಹೊಸ ಹಾಡುಗಾರಿಕೆಯ ರಚನೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಇರುವ ಕೆಂಗಲ್, ಆಂಜನೇಯನ ಗುಡಿಯಿಂದಾಗಿ ನಾಡಿಗೆ ಪರಿಚಿತವಾದ ನೆಲೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ನೆರೆಯುವ ಅಯ್ಯನಗುಡಿ ದನಗಳ ಜಾತ್ರೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ರೈತರು ಬರುತ್ತಾರೆ. ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ನೀಡಲಾಯಿತು. ಆಡಳಿತದ ಹೆಸರುಗಳು ಏನೇ ಇರಲಿ, ಪೂಜಾ ಕುಣಿತ, ಪಟ ಕುಣಿತ, ಸೋಮನ ಕುಣಿತ, ತಂಬೂರಿ ಪದ, ಸೋಬಾನೆ, ಕೋಲಾಟ ಮತ್ತು ತಮಟೆ ವಾದ್ಯಗಳ ದೃಷ್ಟಿಯಿಂದ ಇದು ಒಂದೇ ಸಾಂಸ್ಕೃತಿಕ ಸೀಮೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಆಶ್ರಯದಲ್ಲಿ 1994ರಲ್ಲಿ ಆರಂಭಗೊಂಡ ಜಾನಪದ ಲೋಕವೂ ಇದೇ ಹೆದ್ದಾರಿಯ ಬದಿಯಲ್ಲಿ, ಕೆಂಗಲ್ಲಿಗೆ ಅನತಿ ದೂರದಲ್ಲಿದೆ.

ಇದೇ ಹೆದ್ದಾರಿಯ ಮೂಲಕ ದಿನವೂ ಬೆಂಗಳೂರಿಗೆ ಹೋಗಿಬರುವ ಯುವಕರ ಕಿವಿಯಲ್ಲಿ ಇಂದು ಮತ್ತೊಂದು ಬಗೆಯ ಹಾಡುಗಾರಿಕೆ ನೆಲೆಸಿದೆ. 2010ರ ದಶಕದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಎಂಬ ಹೆಸರಿನ ಅಲೋಕ್ ಮೊದಲಾದವರಿಂದ ಕನ್ನಡ ರ‍್ಯಾಪ್ ಜನಪ್ರಿಯವಾಯಿತು. ಮೊಬೈಲು ಫೋನು ಮತ್ತು ಅಗ್ಗದ ಧ್ವನಿಮುದ್ರಣ ತಂತ್ರಾಂಶಗಳು ಕೈಗೆಟುಕಿದ ಮೇಲೆ, ಸಿದ್ಧ ಬೀಟೊಂದನ್ನು ಆಯ್ದುಕೊಂಡು ಅದರ ಮೇಲೆ ತನ್ನ ಊರಿನ, ತನ್ನ ಮನೆಯ ಮಾತನ್ನು ಹೇಳಬಯಸುವ ತರುಣರು ಸಣ್ಣ ಊರುಗಳಲ್ಲಿಯೂ ಕಾಣಿಸಿಕೊಂಡಿದ್ದಾರೆ. ಅವರಲ್ಲಿ ಹೇಳುವ ಸಂಗತಿ ಇದೆ. ಆದರೆ ಅನೇಕ ವೇಳೆ ಹಾಡು ನಿಲ್ಲುವುದಿಲ್ಲ. ಮಾತು ಬೀಟಿನಿಂದ ಹೊರಗೆ ಚೆಲ್ಲುತ್ತದೆ, ಪ್ರಾಸ ಸಪ್ಪೆಯಾಗುತ್ತದೆ, ಎರಡನೆಯ ಚರಣದ ಹೊತ್ತಿಗೆ ಕೇಳುಗನ ಗಮನ ಜಾರುತ್ತದೆ. ಈ ದೋಷವನ್ನು ಪ್ರತಿಭೆಯ ಕೊರತೆಯೆಂದು ತಿಳಿಯುವುದು ತಪ್ಪು. ಇಂಗ್ಲಿಷ್ ಭಾಷೆಯ ಗುಣಕ್ಕೆ ತಕ್ಕಂತೆ ಬೆಳೆದ ರಚನಾಕ್ರಮವನ್ನು ಬೇರೆ ಜಾಯಮಾನದ ಭಾಷೆಯಾದ ಕನ್ನಡಕ್ಕೆ ಹಾಗೆಯೇ ಹೊಂದಿಸುವುದರಿಂದ ಈ ತೊಡಕು ಹುಟ್ಟುತ್ತದೆ. ಕನ್ನಡದ ಮಾತನ್ನು ಪೆಟ್ಟಿನ ಮೇಲೆ ಕೂರಿಸುವ ವಿದ್ಯೆ ಜನಪದ ಗಾಯಕರಲ್ಲಿಯೂ ಹಳೆಯ ಛಂದಸ್ಸಿನಲ್ಲಿಯೂ ಸಿದ್ಧವಾಗಿಯೇ ಇದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರ‍್ಯಾಪ್: ಹಿನ್ನೆಲೆ ಮತ್ತು ಅಳತೆ

ರ‍್ಯಾಪ್ ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ವಸತಿಯಲ್ಲಿ. ಜಮೈಕಾ ಮೂಲದ ಕೂಲ್ ಹರ್ಕ್ ಎಂಬ ತರುಣ 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ ವಸತಿ ಸಮುಚ್ಚಯವೊಂದರಲ್ಲಿ ನಡೆಸಿದ ನೃತ್ಯಕೂಟವನ್ನು ಹಿಪ್‌ಹಾಪ್ ಸಂಸ್ಕೃತಿಯ ಆರಂಭವೆಂದು ಗುರುತಿಸಲಾಗುತ್ತದೆ. ಗ್ರಾಮಫೋನ್ ತಟ್ಟೆಯಲ್ಲಿ ಹಾಡು ನಿಂತು ಕೇವಲ ತಾಳವಾದ್ಯ ನುಡಿಯುವ ಭಾಗಕ್ಕೆ ಕುಣಿಯುವವರು ಹೆಚ್ಚು ಹುರುಪು ತೋರುವುದನ್ನು ಕಂಡ ಆತ, ಎರಡು ತಟ್ಟೆಗಳನ್ನು ಬಳಸಿ ಆ ಭಾಗವನ್ನೇ ಮತ್ತೆ ಮತ್ತೆ ನುಡಿಸಿದ. ಆ ಪೆಟ್ಟಿನ ಮೇಲೆ ಜನರನ್ನು ಹುರಿದುಂಬಿಸಲು ಆಡಿದ ಮಾತು ಕ್ರಮೇಣ ಪ್ರಾಸಬದ್ಧವಾಗಿ ಬೆಳೆದು ರ‍್ಯಾಪ್ ಆಯಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ಮುದ್ರಿಕೆಯಿಂದ ಅದು ಜಗತ್ತಿಗೆ ತಿಳಿಯಿತು. 1980ರಲ್ಲಿ ಜಪಾನಿನ ರೋಲಂಡ್ ಸಂಸ್ಥೆ ಹೊರತಂದ 808 ಎಂಬ ತಾಳಯಂತ್ರದ ಆಳವಾದ ಗುಡುಗುದನಿ ಇಂದಿಗೂ ಈ ಸಂಗೀತದ ಗುರುತಾಗಿ ಉಳಿದಿದೆ. ಮೊದಲು ಪೆಟ್ಟು, ಆಮೇಲೆ ಕುಣಿತ, ಅದರ ಮೇಲೆ ಮಾತು ಎಂಬ ಈ ಅನುಕ್ರಮ ನಮ್ಮ ತಮಟೆ, ಡೊಳ್ಳುಗಳ ಪರಂಪರೆಯನ್ನು ಬಲ್ಲವರಿಗೆ ಅಪರಿಚಿತವಲ್ಲ.

ರ‍್ಯಾಪಿನ ಅಳತೆ ಸರಳವಾದುದು. ನಾಲ್ಕು ಪೆಟ್ಟುಗಳ ಒಂದು ಆವರ್ತವನ್ನು ಹಾಡುಗಾರರು ಬಾರ್ ಎನ್ನುತ್ತಾರೆ. ಒಂದು ಮತ್ತು ಮೂರನೆಯ ಪೆಟ್ಟುಗಳಲ್ಲಿ ಸಾಮಾನ್ಯವಾಗಿ ಕಿಕ್ ಎಂಬ ದಪ್ಪ ದನಿ, ಎರಡು ಮತ್ತು ನಾಲ್ಕನೆಯ ಪೆಟ್ಟುಗಳಲ್ಲಿ ಸ್ನೇರ್ ಎಂಬ ಚುರುಕಾದ ದನಿ ಇರುತ್ತದೆ. ಪ್ರತಿ ಪೆಟ್ಟನ್ನು ನಾಲ್ಕು ಕಿರುಭಾಗಗಳಾಗಿ ಒಡೆದರೆ ಒಂದು ಆವರ್ತದಲ್ಲಿ 16 ಭಾಗಗಳಾಗುತ್ತವೆ. ಒಂದು ಚರಣಕ್ಕೆ 16 ಆವರ್ತ, ಮರಳಿ ಬರುವ ಹುಕ್ ಎಂಬ ಪಲ್ಲವಿಗೆ 8 ಆವರ್ತ ಎಂಬುದು ರೂಢಿಯ ವಿನ್ಯಾಸ. ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ ಒಂದು ಚರಣ ಸುಮಾರು 43 ಸೆಕೆಂಡು, ಒಂದು ಪಲ್ಲವಿ ಸುಮಾರು 21 ಸೆಕೆಂಡು ನಡೆಯುತ್ತದೆ. ಮೂರು ಚರಣ, ಮೂರು ಪಲ್ಲವಿಗಳಾದರೆ ಹಾಡು 3 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ಬರೆಯುವವನಿಗೆ ದೊರೆಯುವ ಸ್ಥಳ ಇಷ್ಟೇ ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ.

ಮಾತ್ರೆಯ ಲೆಕ್ಕ: ಆವರ್ತವೂ ರಗಳೆಯೂ

ಕನ್ನಡ ಛಂದಸ್ಸಿನಲ್ಲಿ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೆ ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರ ಮತ್ತು ಅನುಸ್ವಾರದಿಂದ ಕೂಡಿದ ಅಕ್ಷರಗಳಿಗೂ ಎರಡು ಮಾತ್ರೆಗಳೇ. ಶಾಲೆಯ ವ್ಯಾಕರಣ ಪಾಠದಲ್ಲಿ ಪ್ರಸ್ತಾರ ಹಾಕುವಾಗ ಕಲಿತ ಈ ಲೆಕ್ಕ ಪರೀಕ್ಷೆಯ ನಂತರ ಮರೆತುಹೋಗುವುದೇ ಹೆಚ್ಚು. ಆದರೆ ಹರಿಹರನು ಬೆಳಗಿಸಿದ ರಗಳೆಯ ಪ್ರಭೇದಗಳನ್ನು ರ‍್ಯಾಪಿನ ಆವರ್ತದ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಲೆಕ್ಕದ ಪ್ರಯೋಜನ ಸ್ಪಷ್ಟವಾಗುತ್ತದೆ. ಮಂದಾನಿಲ ರಗಳೆಯ ಒಂದು ಪಾದದಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಒಟ್ಟು 16 ಮಾತ್ರೆಗಳು. ರ‍್ಯಾಪಿನ ಆವರ್ತದಲ್ಲಿ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಭಾಗ, ಒಟ್ಟು 16 ಭಾಗಗಳು. ಅಂದರೆ ಮಂದಾನಿಲದ ಒಂದು ಪಾದವು ಒಂದು ಆವರ್ತದಲ್ಲಿ ಹೆಚ್ಚು ಕಡಿಮೆಯಿಲ್ಲದೆ ಕೂರುತ್ತದೆ. ಇವೆರಡಕ್ಕೂ ಐತಿಹಾಸಿಕ ಸಂಬಂಧವಿಲ್ಲ. ನಾಲ್ಕರ ಗತಿ ಎರಡೂ ಕಡೆ ಸಹಜವಾಗಿ ಬಂದುದರ ಫಲ ಇದು. ಆದರೂ ಬರೆಯುವವನಿಗೆ ಇದು ಸಿದ್ಧ ಅಳತೆಗೋಲು.

ರಾಮನಗರವು ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ನೂಲು ಬಿಚ್ಚುವ ಕೆಲಸಗಾರರ ಬದುಕನ್ನು ವಸ್ತುವಾಗಿ ಆರಿಸಿಕೊಂಡ ತರುಣನೊಬ್ಬ ಹೀಗೆ ಬರೆದಿದ್ದಾನೆಂದು ಕಲ್ಪಿಸಿಕೊಳ್ಳಬಹುದು:

ಬಿಸಿನೀರಿನಲ್ಲಿ ನಾವು ಗೂಡನ್ನು ಬೇಯಿಸುತ್ತೇವೆ
ದಾರವನ್ನು ದಿನವೆಲ್ಲ ನಾವು ತೆಗೆಯುತ್ತೇವೆ

ಮೊದಲ ಸಾಲಿನಲ್ಲಿ 24 ಮಾತ್ರೆಗಳಿವೆ, ಎರಡನೆಯದರಲ್ಲಿ 21. ಆವರ್ತದಲ್ಲಿ ಇರುವ ಸ್ಥಳ 16 ಮಾತ್ರೆಗೆ ಮಾತ್ರ. ಮೊದಲ ಸಾಲನ್ನು ಸಹಜ ವೇಗದಲ್ಲಿ ಹೇಳಿದರೆ ಸ್ನೇರಿನ ಮೊದಲ ಪೆಟ್ಟು ‘ನೀರಿನಲ್ಲಿ’ ಎಂಬುದರ ‘ರಿ’ಯ ಮೇಲೆ, ಎರಡನೆಯದು ‘ಗೂಡನ್ನು’ ಎಂಬುದರ ‘ಗೂ’ಕಾರದ ನಡುವೆ ಬೀಳುತ್ತದೆ, ‘ಬೇಯಿಸುತ್ತೇವೆ’ ಎಂಬ ಕ್ರಿಯಾಪದ ಪೂರ್ತಿಯಾಗಿ ಮುಂದಿನ ಆವರ್ತಕ್ಕೆ ಚೆಲ್ಲುತ್ತದೆ. ಅದನ್ನು ಒಳಗೇ ತುರುಕಲು ಹೊರಟರೆ ಅಕ್ಷರಗಳನ್ನು ನುಂಗಬೇಕಾಗುತ್ತದೆ. ಕನ್ನಡದ ಅಕ್ಷರಗಳನ್ನು ನುಂಗಿದರೆ ಅರ್ಥವೇ ಕೆಡುತ್ತದೆ. ಕನ್ನಡ ರ‍್ಯಾಪಿನ ಮೇಲೆ ಹಿರಿಯರು ಹೊರಿಸುವ ‘ಮಾತು ಅರ್ಥವಾಗುವುದಿಲ್ಲ’ ಎಂಬ ಆರೋಪದ ಮೂಲ ಬಹುಪಾಲು ಇಲ್ಲಿದೆ.

ಅದೇ ವಸ್ತುವನ್ನು ಮಂದಾನಿಲದ ಅಳತೆಯಲ್ಲಿ ಹೀಗೆ ತಿದ್ದಬಹುದು:

ದಾರದ ಎಳೆಯಲಿ ಊರಿನ ಬಾಳು
ನೀರಿನ ಬಿಸಿಯಲಿ ಬೇಯುವ ಗೂಡು
ಯಾರದೊ ಸೀರೆಗೆ ಬಣ್ಣದ ಅಂಚು
ಸೇರದು ಕಣ್ಣಿಗೆ ರಾತ್ರಿಯ ನಿದ್ದೆ

ಪ್ರತಿ ಸಾಲಿನಲ್ಲಿ 15 ಮಾತ್ರೆಗಳ ಮಾತು ಮತ್ತು ಕೊನೆಯಲ್ಲಿ ಒಂದು ಮಾತ್ರೆಯ ಬಿಡುವು ಇದೆ. ಈ ಬಿಡುವು ಗಾಯಕನಿಗೆ ಉಸಿರಿನ ತಾವು. ಪ್ರತಿ ಗಣದ ಆರಂಭದಲ್ಲಿ ಒಂದು ಪದ ಆರಂಭವಾಗುತ್ತದೆ. ಕನ್ನಡದಲ್ಲಿ ಇಂಗ್ಲಿಷಿನಷ್ಟು ಬಲವಾದ ಸ್ವರಾಘಾತವಿಲ್ಲ. ಇರುವ ಅಲ್ಪ ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರದ ಮೇಲಿರುತ್ತದೆ. ಆದುದರಿಂದ ಪದದ ಮೊದಲಕ್ಷರ ಪೆಟ್ಟಿನ ಮೇಲೆ ಬಿದ್ದಾಗ ಮಾತು ಸ್ಪಷ್ಟವಾಗಿ ಕೇಳುತ್ತದೆ. ಸ್ನೇರಿನ ಮೇಲೆ ಬೀಳುವ ಪದಗಳನ್ನಷ್ಟೇ ಆರಿಸಿಕೊಂಡರೆ ಎಳೆ, ಬಾಳು, ಬಿಸಿ, ಗೂಡು, ಸೀರೆ, ಅಂಚು, ಕಣ್ಣು, ನಿದ್ದೆ ಎಂಬ ಸರಣಿ ದೊರೆಯುತ್ತದೆ. ಅರ್ಧ ಮಾತು ಗದ್ದಲದಲ್ಲಿ ಕಳೆದರೂ ಹಾಡಿನ ತಿರುಳು ಕೇಳುಗನಿಗೆ ಉಳಿಯುತ್ತದೆ. ‘ನಾವು’, ‘ಅನ್ನು’, ‘ಉತ್ತೇವೆ’ ಮೊದಲಾದ ಹಗುರ ಅಂಶಗಳು ಬಲವಾದ ಪೆಟ್ಟಿನ ಸ್ಥಾನವನ್ನು ಆಕ್ರಮಿಸದಂತೆ ನೋಡಿಕೊಳ್ಳುವುದೇ ತಿದ್ದುವಿಕೆಯ ಮೊದಲ ಹಂತ.

ಹೀಗೆ ಎಲ್ಲ ಪದಗಳೂ ಗಣದ ತಲೆಯಲ್ಲಿಯೇ ನಿಂತರೆ ಹಾಡು ಮಗ್ಗಿಯಂತೆ ಏಕತಾನವಾಗುವ ಅಪಾಯವೂ ಉಂಟು. ಅದಕ್ಕೆ ಪರಿಹಾರವಾಗಿ ತಾಳಶಾಸ್ತ್ರದಲ್ಲಿ ಅತೀತ, ಅನಾಗತ ಎಂಬ ಎತ್ತುಗಡೆಗಳಿವೆ: ತಾಳಕ್ಕಿಂತ ಮೊದಲೇ ಮಾತನ್ನು ಎತ್ತುವುದು ಅತೀತ, ಪೆಟ್ಟು ಬಿದ್ದ ಮೇಲೆ ಎತ್ತುವುದು ಅನಾಗತ. ಮೂರು ಸಾಲುಗಳಲ್ಲಿ ಕಿವಿಗೆ ನೆಲೆಯನ್ನು ಕಲ್ಪಿಸಿ ನಾಲ್ಕನೆಯದರಲ್ಲಿ ಅದನ್ನು ಸರಿಸಿದರೆ ಸರಿಸಿದ್ದು ಕೇಳಿಸುತ್ತದೆ. ನೆಲೆಯೇ ಇಲ್ಲದ ಕಡೆ ಸರಿಸಿದರೆ ಅದು ತಪ್ಪಿನಂತೆ ಕೇಳುತ್ತದೆ.

ಪ್ರಾಸದ ಪ್ರಶ್ನೆ

ಇಂಗ್ಲಿಷ್ ರ‍್ಯಾಪಿನ ಪ್ರಾಸ ಪ್ರಧಾನವಾಗಿ ಸಾಲಿನ ಕೊನೆಯದು. ಆ ಭಾಷೆಯಲ್ಲಿ ಅಂತ್ಯಪ್ರಾಸ ಕಷ್ಟಸಾಧ್ಯ. ಎರಡು ಬೇರೆ ಪದಗಳ ಕೊನೆಯ ಧ್ವನಿ ಹೊಂದಿದಾಗ ಕೇಳುಗನಿಗೆ ಬೆರಗಾಗುತ್ತದೆ. ಕನ್ನಡದ ಸ್ಥಿತಿ ಭಿನ್ನ. ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವ, ಪ್ರತ್ಯಯಗಳನ್ನು ಸೇರಿಸುತ್ತ ಹೋಗುವ ಭಾಷೆ ಇದು. ‘ನಡೆಯುತ್ತೇನೆ’ ಎಂಬುದಕ್ಕೆ ‘ನೆನೆಯುತ್ತೇನೆ’, ‘ಬರೆಯುತ್ತೇನೆ’, ‘ಕರೆಯುತ್ತೇನೆ’ ಎಂದು ಎಷ್ಟು ಬೇಕಾದರೂ ಪ್ರಾಸ ಹೂಡಬಹುದು. ಇಲ್ಲಿ ಪ್ರಾಸವನ್ನು ಒದಗಿಸುತ್ತಿರುವುದು ವ್ಯಾಕರಣ, ಕವಿಯಲ್ಲ. ಅನಾಯಾಸವಾಗಿ ದೊರೆತ ಪ್ರಾಸ ಕೇಳುಗನನ್ನು ಹಿಡಿಯುವುದಿಲ್ಲ.

ಕನ್ನಡ ಕಾವ್ಯಪರಂಪರೆ ಈ ಸಂಗತಿಯನ್ನು ಬಹಳ ಹಿಂದೆಯೇ ಅರಿತಿತ್ತು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಪ್ರಾಸದ ವಿಚಾರವನ್ನು ವಿಸ್ತಾರವಾಗಿ ಚರ್ಚಿಸುತ್ತದೆ, 10ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಕನ್ನಡದ ಛಂದಸ್ಸನ್ನು ಶಾಸ್ತ್ರವಾಗಿ ನಿರೂಪಿಸುತ್ತದೆ. ಕನ್ನಡಕ್ಕೆ ವಿಶಿಷ್ಟವಾದುದು ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ಮೇಲಿನ ನಾಲ್ಕು ಸಾಲುಗಳಲ್ಲಿ ದಾರದ, ನೀರಿನ, ಯಾರದೊ, ಸೇರದು ಎಂಬಲ್ಲಿ ರಕಾರ ಹೀಗೆ ಬಂದಿದೆ. ಸಾಲುಗಳ ಕೊನೆಯಲ್ಲಿ ಪ್ರಾಸವೇ ಇಲ್ಲದಿದ್ದರೂ ಅವು ಒಂದಕ್ಕೊಂದು ಹೊಂದಿಕೊಂಡಿವೆ. ಲಾಕ್ಷಣಿಕರು ಆದಿಪ್ರಾಸವನ್ನು ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವು ಬೇರೆ ವ್ಯಂಜನಗಳ ಸಂಯುಕ್ತವಾದರೆ ಶರಭ, ದ್ವಿತ್ವವಾದರೆ ಹಯ. ಈ ವಿಂಗಡಣೆಯನ್ನು ಪಂಡಿತರ ಆಟವೆಂದು ಕಡೆಗಣಿಸುವುದುಂಟು. ವಾಸ್ತವವಾಗಿ ಇದು ಲಯದ ನಿಯಮ. ಮೊದಲ ಸಾಲಿನ ಮೊದಲಕ್ಷರ ಲಘುವಾದರೆ ಉಳಿದ ಸಾಲುಗಳದ್ದೂ ಲಘು, ಗುರುವಾದರೆ ಗುರು ಎಂದು ಅದು ವಿಧಿಸುತ್ತದೆ. ಆದುದರಿಂದ ಪ್ರತಿ ಆವರ್ತದ ಮೊದಲ ಪೆಟ್ಟಿನ ಮೇಲೆ ಒಂದೇ ತೂಕದ ಅಕ್ಷರ ಬೀಳುತ್ತದೆ. ಪ್ರಾಸವೂ ಪೆಟ್ಟೂ ಅಲ್ಲಿ ಕೂಡುತ್ತವೆ.

20ನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈ ಮೊದಲಾದವರು ಆದಿಪ್ರಾಸದ ಕಟ್ಟನ್ನು ಬಿಟ್ಟು ಹೊಸಗನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದರು. ಓದುವ ಕಾವ್ಯಕ್ಕೆ ಆ ಬಿಡುಗಡೆ ಅಗತ್ಯವಾಗಿತ್ತು. ಆದರೆ ಕೇಳುವ ಕಾವ್ಯದಲ್ಲಿ, ಅಂದರೆ ಬೀಸುವ ಕಲ್ಲಿನ ಪದ, ಸೋಬಾನೆ, ಲಾವಣಿಗಳಲ್ಲಿ, ಆದಿಪ್ರಾಸ ಮುಂದುವರಿಯಿತು. ರ‍್ಯಾಪ್ ಕೂಡ ಕೇಳುವ ಕಾವ್ಯ. ಪುಸ್ತಕದಲ್ಲಿ ಹಳತಾದ ಈ ಸಾಧನ ಬೀಟಿನ ಮೇಲೆ ಹೊಸದಾಗಬಲ್ಲದು. ಆವರ್ತದ ಆರಂಭದಲ್ಲಿ ಆದಿಪ್ರಾಸವನ್ನೂ ನಾಲ್ಕನೆಯ ಪೆಟ್ಟಿನಲ್ಲಿ ನಾಮಪದಗಳ ಅಂತ್ಯಪ್ರಾಸವನ್ನೂ ಇರಿಸಿದರೆ ಸಾಲಿನ ಎರಡು ತುದಿಗಳೂ ಗಟ್ಟಿಯಾಗುತ್ತವೆ. ಅಂತ್ಯಪ್ರಾಸಕ್ಕೆ ಪ್ರತ್ಯಯಗಳನ್ನು ಅವಲಂಬಿಸದೆ ಧಾತು ಅಥವಾ ನಾಮಪ್ರಕೃತಿಯ ಧ್ವನಿಯನ್ನೇ ಹೊಂದಿಸುವುದು ಉತ್ತಮ.

ಗತಿಭೇದ

ಒಂದೇ ಬೀಟಿನ ಮೇಲೆ ಮಾತಿನ ನಡಿಗೆಯನ್ನು ಬದಲಿಸುವುದು ನುರಿತ ರ‍್ಯಾಪ್ ಗಾಯಕನ ಲಕ್ಷಣ. ಇದನ್ನು ಇಂದಿನವರು ಫ್ಲೋ ಎಂಬ ಪದದಿಂದ ಸೂಚಿಸುತ್ತಾರೆ. 2010ರ ದಶಕದಲ್ಲಿ ಅಮೆರಿಕದ ರ‍್ಯಾಪಿನಲ್ಲಿ ಪೆಟ್ಟಿಗೆ ಮೂರು ಅಕ್ಷರಗಳನ್ನು ಹೇಳುವ ಶೈಲಿ ಬಹಳ ಪ್ರಚಾರಕ್ಕೆ ಬಂದಿತು. ನಮ್ಮ ಪರಿಭಾಷೆಯಲ್ಲಿ ಇದು ತ್ರಿಶ್ರ ಗತಿ. ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು, ‘ತಕತಕಿಟ’ ಎಂದರೆ ಐದು ಎಂದು ಬಾಯಿತಾಳದ ಮೂಲಕ ಮಕ್ಕಳೂ ಕಲಿಯುವ ವಿಷಯ. ರಗಳೆಯ ಮೂರು ಪ್ರಭೇದಗಳು ಇದಕ್ಕೇ ಅನುಗುಣವಾಗಿವೆ: ಉತ್ಸಾಹದಲ್ಲಿ ಮೂರು ಮಾತ್ರೆಯ ಗಣ, ಮಂದಾನಿಲದಲ್ಲಿ ನಾಲ್ಕು, ಲಲಿತದಲ್ಲಿ ಐದು. ಪಾದಕ್ಕೆ ನಾಲ್ಕು ಗಣಗಳೆಂದು ಇಟ್ಟುಕೊಂಡರೆ ಪೆಟ್ಟುಗಳು ನಾಲ್ಕಾಗಿಯೇ ಉಳಿದು ಮಾತ್ರೆಗಳು ಮಾತ್ರ 12, 16, 20 ಎಂದು ಬದಲಾಗುತ್ತವೆ. ಮೇಲಿನ ಹಾಡಿನ ಮುಂದುವರಿಕೆಯನ್ನು ಉತ್ಸಾಹದ ನಡಿಗೆಯಲ್ಲಿ ಹೀಗೆ ಬರೆಯಬಹುದು:

ಎಳೆಯ ಎಳೆದು ಬೆರಳು ಸುಟ್ಟು
ಹಳೆಯ ಸಾಲ ಬಡ್ಡಿ ಕಟ್ಟಿ

ಬೀಟು ಬದಲಾಗದಿದ್ದರೂ ಪೆಟ್ಟಿಗೆ ಮೂರು ಮಾತ್ರೆಯಾದ ಕೂಡಲೇ ಮಾತು ಉರುಳತೊಡಗುತ್ತದೆ. ಎರಡು ಸಾಲುಗಳಲ್ಲಿಯೂ ಮೊದಲಕ್ಷರ ಲಘು, ಎರಡನೆಯದು ಳಕಾರ, ಅಂದರೆ ಸಿಂಹಪ್ರಾಸ. ಹದಿನಾರು ಆವರ್ತಗಳ ಚರಣದಲ್ಲಿ ಮೊದಲ ಎಂಟನ್ನು ಮಂದಾನಿಲದಲ್ಲಿ, ಮುಂದಿನ ನಾಲ್ಕನ್ನು ಉತ್ಸಾಹದಲ್ಲಿ ನಡೆಸಿ, ಕೊನೆಯ ನಾಲ್ಕಕ್ಕೆ ಮತ್ತೆ ಮಂದಾನಿಲಕ್ಕೆ ಮರಳಿದರೆ ಚರಣಕ್ಕೆ ಏರಿಳಿತ ತಾನಾಗಿಯೇ ಒದಗುತ್ತದೆ. ಕಂಸಾಳೆಯವರು ನಿಧಾನಗತಿಯಲ್ಲಿ ಕಥೆಯನ್ನು ಆರಂಭಿಸಿ ಬೀಸು ಕಂಸಾಳೆಯ ಹೊತ್ತಿಗೆ ವೇಗವನ್ನು ಏರಿಸುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ಇದಕ್ಕೆ ವಿರುದ್ಧವಾಗಿ, ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಬೆರೆತು ನಡೆಯುವ ಭಾಮಿನಿ ಷಟ್ಪದಿಯ ಏಳರ ನಡಿಗೆ ಹದಿನಾರರ ಆವರ್ತಕ್ಕೆ ಸುಲಭವಾಗಿ ಹೊಂದುವುದಿಲ್ಲ. ಗಮಕದಲ್ಲಿ ಸೊಗಸಾಗಿ ಕೇಳುವ ಪದ್ಯವನ್ನು ಸಿದ್ಧ ಬೀಟಿನ ಮೇಲೆ ಹೇಳಹೊರಟವರು ಎಡವುವುದಕ್ಕೆ ಇದು ಕಾರಣ. ಅಂಥ ರಚನೆಗೆ ಏಳರ ಬೀಟನ್ನೇ ಸಿದ್ಧಪಡಿಸಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜನಪದ ಗಾಯಕರು ಮಾತ್ರೆಗಳನ್ನು ಎಣಿಸಿ ಹಾಡುವವರಲ್ಲ. ತ್ರಿಪದಿಯಂಥ ದೇಸಿ ಮಟ್ಟುಗಳು ಅಂಶಗಣದವು. ಅಲ್ಲಿ ಅಕ್ಷರವನ್ನು ಎಳೆಯುವ, ಕುಗ್ಗಿಸುವ ಸ್ವಾತಂತ್ರ್ಯ ಹಾಡುವವರಿಗೆ ಇದೆ. ರಾಗಿ ಬೀಸುವ ಹೆಣ್ಣುಮಗಳಿಗೆ ಕಲ್ಲಿನ ಸುತ್ತೇ ತಾಳ. ಆ ಸುತ್ತಿಗೆ ಹೊಂದುವಂತೆ ಆಕೆ ಪದವನ್ನು ಹಿಗ್ಗಿಸುತ್ತಾಳೆ. ಆದುದರಿಂದ ಮಾತ್ರೆಯ ಲೆಕ್ಕ ಬರೆಯುವಾಗಿನ ಪರೀಕ್ಷೆಯಾಗಿ ಒದಗಬೇಕೇ ಹೊರತು ಹಾಡುವಾಗಿನ ಸಂಕೋಲೆಯಾಗಬಾರದು. ಕಾಗದದ ಮೇಲೆ ಲೆಕ್ಕ ಸರಿಯಾದ ಸಾಲನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತಟ್ಟಿ ನೋಡಿದ ಮೇಲೆಯೇ ಅದು ಹಾಡಿನ ಸಾಲಾಗುತ್ತದೆ.

ಹಾಡಿನ ಕಟ್ಟು: ಸೊಲ್ಲು, ನುಡಿ, ಹಿಮ್ಮೇಳ

ಸಾಲಿನ ಮಟ್ಟದ ಈ ವಿಚಾರಗಳ ನಂತರ ಇಡೀ ಹಾಡಿನ ರಚನೆಯನ್ನು ಪರಿಶೀಲಿಸಬಹುದು. ರ‍್ಯಾಪ್ ಹಾಡಿನಲ್ಲಿ ಪೀಠಿಕೆ, ಚರಣ, ಹುಕ್, ನಡುವೆ ದನಿ ಬದಲಿಸುವ ಒಂದು ಭಾಗ, ಮುಕ್ತಾಯ ಎಂಬ ಅಂಗಗಳಿರುತ್ತವೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರ ಹಾಡುಗಾರಿಕೆಯಲ್ಲಿ ಸ್ತುತಿ, ಸೊಲ್ಲು, ಪದ, ನಡುವೆ ಗದ್ಯದ ಕಥನ, ಮಂಗಳ ಎಂಬ ಅಂಗಗಳು ಕಂಡುಬರುತ್ತವೆ. ಮುಖ್ಯ ಗಾಯಕ ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಹಿಡಿದು ಅವನಿಗೆ ಉಸಿರಾಡಲೂ ಮುಂದಿನ ಮಾತನ್ನು ನೆನೆಯಲೂ ಅವಕಾಶ ಕಲ್ಪಿಸುತ್ತಾರೆ. ಸೋಬಾನೆಯಲ್ಲಿಯೂ ಒಬ್ಬಾಕೆ ಹೇಳಿದ್ದನ್ನು ಉಳಿದವರು ಸೊಲ್ಲಿನಿಂದ ಎತ್ತಿಕೊಳ್ಳುತ್ತಾರೆ.

ಸೊಲ್ಲಿನ ಲಕ್ಷಣಗಳನ್ನು ಗಮನಿಸಿದರೆ ಒಳ್ಳೆಯ ಹುಕ್ ಹೇಗಿರಬೇಕೆಂಬುದಕ್ಕೆ ಉತ್ತರ ದೊರೆಯುತ್ತದೆ. ಸೊಲ್ಲು ಚಿಕ್ಕದು. ಅದರಲ್ಲಿ ಹೊಸ ಮಾಹಿತಿ ಇರುವುದಿಲ್ಲ. ಮೊದಲ ಬಾರಿ ಕೇಳಿದವನೂ ಎರಡನೆಯ ಬಾರಿಗೆ ದನಿಗೂಡಿಸಬಲ್ಲಷ್ಟು ಸುಲಭವಾದ ಪದಗಳು ಅದರಲ್ಲಿರುತ್ತವೆ, ದೀರ್ಘಸ್ವರಗಳು ಹೆಚ್ಚು. ಅನೇಕ ಯುವ ರಚನಕಾರರು ಚರಣದಷ್ಟೇ ದಟ್ಟವಾದ ಮಾತನ್ನು ಹುಕ್ಕಿನಲ್ಲಿಯೂ ತುಂಬುವುದರಿಂದ ಅದು ಮತ್ತೊಂದು ಚರಣವಾಗುತ್ತದೆ, ಸೊಲ್ಲಾಗುವುದಿಲ್ಲ. ನೂಲು ಬಿಚ್ಚುವವರ ಹಾಡಿಗೆ ಇಂಥದೊಂದು ಸೊಲ್ಲನ್ನು ಇಡಬಹುದು:

ಎಳೆ ಎಳೆ ಎಳೆಯೋ, ಎಳೆ ಹರಿದೀತು

ಇದರಲ್ಲಿಯೂ 15 ಮಾತ್ರೆ, ಒಂದು ಬಿಡುವು. ‘ಎಳೆ’ ಎಂಬುದು ಸೆಳೆಯುವ ಕ್ರಿಯೆಯೂ ಹೌದು, ದಾರದ ಎಳೆಯೂ ಹೌದು. ಮೊದಲ ಚರಣದಲ್ಲಿ ಗೂಡಿನ ಎಳೆಯ ಮಾತು ಬಂದಾಗ ಈ ಸೊಲ್ಲಿಗೆ ಒಂದು ಅರ್ಥ. ಎರಡನೆಯ ಚರಣದಲ್ಲಿ ಸಾಲದ ಮಾತು ಬಂದ ಮೇಲೆ ಅದೇ ಸೊಲ್ಲಿಗೆ ಮತ್ತೊಂದು ಅರ್ಥ. ಮೂರನೆಯದರಲ್ಲಿ ಊರು ಬಿಟ್ಟುಹೋದ ಮಗನ ಮಾತು ಬಂದರೆ ಮಗದೊಂದು ಅರ್ಥ. ಸೊಲ್ಲು ಬದಲಾಗದೆ ಅದರ ಅರ್ಥ ಬದಲಾಗುತ್ತ ಹೋಗಬೇಕಾದರೆ ಪ್ರತಿ ಚರಣವೂ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯಬೇಕು. ಮೂರು ಚರಣಗಳಲ್ಲಿ ಒಂದೇ ದೂರನ್ನು ಬೇರೆ ಬೇರೆ ಪದಗಳಲ್ಲಿ ಹೇಳಿದ ಹಾಡು ಎರಡನೆಯ ಸೊಲ್ಲಿಗೇ ಮುಗಿದುಹೋಗುತ್ತದೆ.

ಉತ್ತರ ಕರ್ನಾಟಕದ ಗೀಗೀ ಪದಗಳ ಹರದೇಶಿ, ನಾಗೇಶಿ ಮೇಳಗಳು ಈ ಸಂದರ್ಭದಲ್ಲಿ ಸ್ಮರಣೀಯ. ಒಂದು ಮೇಳ ಗಂಡಿನ ಹೆಚ್ಚಳವನ್ನು, ಇನ್ನೊಂದು ಹೆಣ್ಣಿನ ಹೆಚ್ಚಳವನ್ನು ಎತ್ತಿಹಿಡಿದು ರಾತ್ರಿಯೆಲ್ಲ ಸವಾಲು ಜವಾಬುಗಳಲ್ಲಿ ತೊಡಗುತ್ತವೆ. ದಪ್ಪು, ತುಂತುಣಿ, ತಾಳಗಳ ಮೇಲೆ ನಡೆಯುವ ಈ ವಾದ ರ‍್ಯಾಪಿನ ಮುಖಾಮುಖಿ ಸ್ಪರ್ಧೆಗೆ ಬಹಳ ಹತ್ತಿರದ್ದು. ಆಶುವಾಗಿ ಕಟ್ಟುವ ಶಕ್ತಿಯ ಹಿಂದೆ ಸಿದ್ಧ ನುಡಿಗಟ್ಟುಗಳ ಭಂಡಾರವಿರುತ್ತದೆ ಎಂಬುದನ್ನು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಕಥನಗಾಯಕರ ಅಧ್ಯಯನದಿಂದ ತೋರಿಸಿಕೊಟ್ಟರು; ಲಾರ್ಡ್ ಅವರ ಗ್ರಂಥ 1960ರಲ್ಲಿ ಪ್ರಕಟವಾಯಿತು. ಒಂದು ಗಣಕ್ಕೆ, ಅರ್ಧ ಪಾದಕ್ಕೆ ಸರಿಹೊಂದುವ ನುಡಿಗಟ್ಟುಗಳನ್ನು ತನ್ನ ಸೀಮೆಯ ಆಡುಮಾತು, ಗಾದೆ, ಒಗಟುಗಳಿಂದ ಸಂಗ್ರಹಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ರ‍್ಯಾಪ್ ಬರೆಯುವವನಿಗೂ ಉಪಯುಕ್ತ ಅಭ್ಯಾಸ.

ಪೆಟ್ಟು ಯಾರದು?

ಬೀಟಿನ ಕುರಿತ ಯಾವ ಚರ್ಚೆಯೂ ವಾದ್ಯವನ್ನು ನುಡಿಸುವವರನ್ನು ಬಿಟ್ಟು ಪೂರ್ಣವಾಗದು. ತಮಟೆಯನ್ನು ಬೆಂಕಿಯ ಬಿಸಿಗೆ ಹಿಡಿದು ಹದಗೊಳಿಸಿ, ಒಂದು ದಪ್ಪ, ಒಂದು ಸಪೂರ ಕಡ್ಡಿಗಳಿಂದ ನುಡಿಸಲಾಗುತ್ತದೆ. ನಡುವಿನ ಪೆಟ್ಟಿನ ದಪ್ಪ ದನಿಯೂ ಅಂಚಿನ ಪೆಟ್ಟಿನ ಚುರುಕು ದನಿಯೂ ಕಿಕ್ ಮತ್ತು ಸ್ನೇರ್‌ಗಳ ಕೆಲಸವನ್ನೇ ಮಾಡುತ್ತವೆ. ಶತಮಾನಗಳಿಂದ ಈ ವಾದ್ಯವನ್ನು ಕಾಪಾಡಿಕೊಂಡು ಬಂದವರು ಬಹುಪಾಲು ದಲಿತ ಸಮುದಾಯಗಳ ಕಲಾವಿದರು. ಜಾತ್ರೆಗೂ ಸಾವಿಗೂ ಅವರ ತಮಟೆ ಬೇಕಾಗಿತ್ತು. ಅವರಿಗೆ ಸಲ್ಲಬೇಕಾದ ಗೌರವ ಮಾತ್ರ ಸಲ್ಲಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ದೊರೆತುದು ತಡವಾಗಿ ಬಂದ ಮನ್ನಣೆ. ಕೆಂಗಲ್ ಸೀಮೆಯಲ್ಲಿ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಮೊದಲಾದ ಗಾಯಕರು ತಮ್ಮ ಊರಿನ ಹೆಸರಿನೊಡನೆಯೇ ಜನಪದ ಗೀತೆಗಳನ್ನು ನಾಡಿನ ವೇದಿಕೆಗಳಿಗೆ ಒಯ್ದರು. ಆದರೆ ಜಾತ್ರೆಯಲ್ಲಿ ತಮಟೆ ನುಡಿಸುವ ಅಸಂಖ್ಯ ಕಲಾವಿದರ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ.

ಇಂದು ಜಾತ್ರೆಯ ತಮಟೆಯ ದನಿಯನ್ನು ಮೊಬೈಲಿನಲ್ಲಿ ಹಿಡಿದು, ತುಂಡರಿಸಿ, ಬೀಟಾಗಿ ಪರಿವರ್ತಿಸುವುದು ಕೆಲವು ನಿಮಿಷಗಳ ಕೆಲಸ. ಹಾಡು ಜನಪ್ರಿಯವಾದಾಗ ಗಾಯಕನ ಹೆಸರಿರುತ್ತದೆ, ಬೀಟು ಜೋಡಿಸಿದವನ ಹೆಸರಿರುತ್ತದೆ. ತಮಟೆ ಬಡಿದವರ ಹೆಸರಿರುವುದಿಲ್ಲ. ಅಮೆರಿಕದಲ್ಲಿಯೂ ಹಳೆಯ ತಟ್ಟೆಗಳಿಂದ ದನಿಯನ್ನು ಎತ್ತಿಕೊಂಡುದರ ಬಗ್ಗೆ ಮೊಕದ್ದಮೆಗಳು ನಡೆದು, ಮೂಲ ಕಲಾವಿದರ ಅನುಮತಿ ಮತ್ತು ಸಂಭಾವನೆಯ ಪದ್ಧತಿ 1990ರ ದಶಕದಲ್ಲಿ ಬಿಗಿಯಾಯಿತು. ನಮ್ಮಲ್ಲಿ ಜನಪದವೆಂದರೆ ಯಾರಿಗೂ ಸೇರದ ಆಸ್ತಿ ಎಂಬ ಭಾವನೆ ಬೇರೂರಿದೆ. ಮಟ್ಟು ಸಮುದಾಯದ್ದಾಗಿರಬಹುದು, ಆದರೆ ಮುದ್ರಣದಲ್ಲಿ ಕೇಳುವ ಪೆಟ್ಟು ನಿರ್ದಿಷ್ಟ ವ್ಯಕ್ತಿಯ ಕೈಯದು. ಅವನ ಹೆಸರನ್ನು ನಮೂದಿಸುವುದು, ಸಂಭಾವನೆ ಸಲ್ಲಿಸುವುದು, ಸಾಧ್ಯವಾದರೆ ಅವನನ್ನೇ ಕರೆದು ಹಾಡಿಗೆ ನುಡಿಸುವಂತೆ ಕೋರುವುದು ಹೊಸ ಹಾಡುಗಾರನ ಕರ್ತವ್ಯ. ಇದರಿಂದ ರಚನೆಗೂ ಲಾಭವಿದೆ. ಯಂತ್ರದ ಬೀಟು ಗಾಯಕನ ತಪ್ಪನ್ನು ತಿದ್ದುವುದಿಲ್ಲ. ತಮಟೆಯವನಾದರೋ ಮಾತು ತಾಳದಿಂದ ಸರಿದ ಗಳಿಗೆಯಲ್ಲಿಯೇ ಅದನ್ನು ಗುರುತಿಸಿ ನಿಲ್ಲಿಸುತ್ತಾನೆ.

ಉಪಸಂಹಾರ

ರ‍್ಯಾಪ್ ಜಾನಪದವೇ ಅಲ್ಲವೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಆಗಾಗ ಎತ್ತುವುದುಂಟು. ಗಾಯಕನ ಹೆಸರಿನೊಡನೆ ಪ್ರಕಟವಾಗಿ ಮಾರಾಟವಾಗುವ ಹಾಡನ್ನು ಸಾಂಪ್ರದಾಯಿಕ ವ್ಯಾಖ್ಯೆಯೊಳಗೆ ಸೇರಿಸುವುದು ಕಷ್ಟವೇ ಸರಿ. ಆದರೆ ಆ ಹಾಡನ್ನು ಕಟ್ಟುವ ವಿದ್ಯೆ ಮೌಖಿಕ ಪರಂಪರೆಯ ವಿದ್ಯೆಯೇ. ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಲನ್ನು ಬರೆದ ಮೇಲೆ ಮಾತ್ರೆಗಳನ್ನು ಎಣಿಸಿ ಹದಿನಾರಕ್ಕೆ ಹೊಂದಿಸುವುದು, ಉಸಿರಿಗೆ ಬಿಡುವಿಡುವುದು, ತೂಕದ ಪದಗಳನ್ನು ತೂಕದ ಪೆಟ್ಟಿನ ಮೇಲೆ ನಿಲ್ಲಿಸುವುದು, ಪ್ರತ್ಯಯಗಳ ಅಂತ್ಯಪ್ರಾಸದ ಬದಲು ಆದಿಪ್ರಾಸವನ್ನು ಆಶ್ರಯಿಸುವುದು, ಚರಣದ ನಡುವೆ ಗತಿಯನ್ನು ಬದಲಿಸುವುದು, ಸೊಲ್ಲನ್ನು ಹಗುರವಾಗಿಟ್ಟು ಚರಣಗಳಿಂದ ಅದರ ಅರ್ಥವನ್ನು ಬೆಳೆಸುವುದು. ಇವಾವುವೂ ಹೊರಗಿನಿಂದ ತರಬೇಕಾದವುಗಳಲ್ಲ.

ಈ ನಿಟ್ಟಿನಲ್ಲಿ ಅಕಾಡೆಮಿ, ಪರಿಷತ್ತು ಹಾಗೂ ಕಾಲೇಜುಗಳು ಕೈಗೊಳ್ಳಬಹುದಾದ ಕಾರ್ಯ ದೊಡ್ಡದೇನಲ್ಲ. ತಮಟೆ, ಕಂಸಾಳೆ, ತಂಬೂರಿ ಕಲಾವಿದರನ್ನೂ ರ‍್ಯಾಪ್ ಬರೆಯುವ ತರುಣ ತರುಣಿಯರನ್ನೂ ಕೆಲವು ದಿನ ಒಂದೆಡೆ ಸೇರಿಸಿ, ಒಬ್ಬರ ಪೆಟ್ಟಿಗೆ ಇನ್ನೊಬ್ಬರು ಮಾತು ಕಟ್ಟುವ ಶಿಬಿರಗಳನ್ನು ನಡೆಸಬಹುದು. ಹಾಗೆ ಸಿದ್ಧವಾದ ಹಾಡುಗಳನ್ನು ಎಲ್ಲರ ಹೆಸರಿನೊಡನೆ ಧ್ವನಿಮುದ್ರಿಸಿ ದಾಖಲಿಸಬಹುದು. ಜಾನಪದ ಲೋಕವು ಕೆಂಗಲ್ಲಿನ ಸಮೀಪದಲ್ಲಿಯೇ ಇರುವುದರಿಂದ ಅಂಥ ಶಿಬಿರಕ್ಕೆ ಸ್ಥಳವನ್ನು ಹುಡುಕಬೇಕಾಗಿಲ್ಲ. ಕಲಾವಿದರು ಇದೇ ಸೀಮೆಯಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ ಎಂಬುದನ್ನು ಮಾತ್ರ ಮರೆಯಬಾರದು.